ಫರಸಿ ಹಾಸಿದ ಬೀದಿ

ಬಸವಕಲ್ಯಾಣ, ೧೯ ಆಗಸ್ಟ್ ೧೯೮೧

ಸೋಲಾಪುರದ ದವಾಖಾನೆಯಿಂದ ನಿನ್ನೆ ಸಂಜೆ ಮನೆಗೆ ಬಂದೆ. ಬಂದೆ ಎನ್ನುವುದು ಸರಿಯಲ್ಲ, ತಂದರು. ಬಸ್ಸಿನಿಂದ ಇಳಿಸಿ ಅಲ್ಲಾಬಕ್ಷನ ಟಾಂಗಾದಲ್ಲಿ ಕೂರಿಸಿ, ಮನೆ ಮುಂದೆ ಇಬ್ಬರು ಹಿಡಿದು ಒಳಗೆ ಒಯ್ದರು. ಇಪ್ಪತ್ತು ವರ್ಷ ಇದೇ ಬೀದಿಯಲ್ಲಿ ಹೆಣ್ಣುಮಕ್ಕಳ ಶಾಲೆಗೆ ನಡೆದು ಹೋದವಳು ನಾನು. ಬೀದಿಯವರೆಲ್ಲ ಬಾಗಿಲಿಗೆ ಬಂದು ನೋಡುತ್ತ ನಿಂತಿದ್ದರು. ಕಣ್ಣು ಮುಚ್ಚಿಕೊಂಡೆ.

ತೊಡೆಯ ಎಲುಬು ಕೂಡಿದೆಯಂತೆ. ಆದರೆ ಎಡಗಾಲು ಸ್ವಲ್ಪ ಗಿಡ್ಡವಾಗಿ ಉಳಿಯುತ್ತದೆ. ಕೋಲು ಹಿಡಿದು ಎಷ್ಟು ನಡೆದರೆ ಅಷ್ಟು ಒಳ್ಳೆಯದು ಎಂದರು ಡಾಕ್ಟರು. ಎಲ್ಲಿ ನಡೆಯಲಿ? ನನ್ನನ್ನು ಕೆಡವಿದ ಬೀದಿಯಲ್ಲಿಯೇ?

ಜೂನ್ ತಿಂಗಳ ಆ ದಿನ ಇನ್ನೂ ಕಣ್ಣ ಮುಂದೆಯೇ ಇದೆ. ಶಾಲೆ ಬಿಟ್ಟಿತ್ತು, ಮಳೆ ಬಂದು ನಿಂತಿತ್ತು. ಬಕ್ಕಪ್ಪ ಸಾವುಕಾರರ ಕಾಳಿನ ಸಗಟು ಅಡತಿ ಅಂಗಡಿ ಮುಂದೆ ಲಾರಿಯೊಂದು ಹಿಂದೆ ಸರಿಯುತ್ತಿತ್ತು. ಒಂದು ಬದಿ ಕಾಳಿನ ಚೀಲಗಳ ಗೋಡೆ, ಇನ್ನೊಂದು ಬದಿ ಮಡುಗಟ್ಟಿದ ನೀರು. ನಾನು ನೀರಿನ ಕಡೆಗೆ ಸರಿದೆ. ನೀರಿನ ಕೆಳಗೆ ನೆಲ ಇರಲಿಲ್ಲ, ಗಟಾರ ಇತ್ತು.

ದವಾಖಾನೆಯಲ್ಲಿ ಹೊತ್ತು ಹೋಗದೆ ಇವರಿಂದ ತರಿಸಿಕೊಂಡ ಡೈರಿ ಇದು. ಇನ್ನು ಇದೇ ನನ್ನ ಶಾಲೆ.

೨ ಸೆಪ್ಟೆಂಬರ್

ಯಾರು ಬಂದರೂ ಮಲಗಿದ್ದಾಳೆ ಎನ್ನಿರಿ ಎಂದು ಇವರಿಗೆ ಹೇಳಿದ್ದೇನೆ. ಮುಂದೆ ಸೈಕಲ್ ಅಂಗಡಿ, ಹಿಂದೆ ಮನೆ. ನಡುವಿನ ಕಿಟಕಿಯಿಂದ ಬೀದಿ ಕಾಣುತ್ತದೆ. ಬೇಡವೆಂದರೂ ಕಾಣುತ್ತದೆ.

ಕೋಲು ಮೂಲೆಯಲ್ಲಿದೆ. ಮುಟ್ಟಿಲ್ಲ. ರಾಜೀನಾಮೆ ಕೊಟ್ಟುಬಿಡುತ್ತೇನೆ ಎಂದೆ. ಇವರು ಪಂಕ್ಚರು ಹಚ್ಚುತ್ತಿದ್ದರು. "ಜೂನ್ ತನಕ ರಜಾ ಅದಲ್ಲ, ಜೂನಕ ನೋಡಮು" ಅಂದು ಟ್ಯೂಬನ್ನು ನೀರಲ್ಲಿ ಅದ್ದಿದರು. ಈ ಮನುಷ್ಯನಿಗೆ ಸಿಟ್ಟಾದರೂ ಬರಬಾರದೆ?

೧೧ ಸೆಪ್ಟೆಂಬರ್

ಬಳೆಗಾರ್ತಿ ಸರ್ದಾರಬಿ ಬಂದಿದ್ದಳು. ಅವಳಿಗೆ ಮಲಗಿದ್ದಾಳೆ ಎಂಬ ಮಾತು ನಡೆಯುವುದಿಲ್ಲ. ಊರಿನ ಯಾವ ಮನೆಯಾದರೂ ನೇರ ಅಡುಗೆಮನೆಗೇ ಬರುವವಳು. ಬುಟ್ಟಿ ಇಳಿಸಿ, ನನ್ನ ಕಾಲು ನೋಡಿ, ಕೇಳದಿದ್ದರೂ ನಾಲ್ಕು ಹಸಿರು ಬಳೆ ಏರಿಸಿದಳು. ಮೊಮ್ಮಗಳು ಅಕ್ಬರಿ ಹೇಗೆ ಓದುತ್ತಿದ್ದಾಳೆ ಎಂದು ಕೇಳಿದೆ. ನನ್ನ ತರಗತಿಯಲ್ಲಿ ಲೆಕ್ಕದಲ್ಲಿ ಎಲ್ಲರಿಗಿಂತ ಮುಂದಿದ್ದ ಹುಡುಗಿ.

"ಸಾಲಿ ಬಿಡ್ಸೀನ್ರಿ ಅಕ್ಕೋರೇ."

"ಯಾಕ? ತಲಿ ಕೆಟ್ಟದೇನ್ ನಿನಗ?" ಎಂದು ಕೂಗಾಡಿದೆ. ಅವಳು ಬುಟ್ಟಿಯ ಬಳೆಗಳನ್ನು ಜೋಡಿಸಿ ಮುಗಿಸಿದಳು.

"ದಿನಾ ಹೋಗಿ ಕರ್ಕೊಂಡ್ ಬರಾಕ ನನಗ ಆಗಲ್ರಿ. ಒಬ್ಬಾಕಿನ್ನೇ ಕಳಸ್ಲಾಕ ಧೈರ್ಯ ಇಲ್ಲ. ನಮ್ಮ ಅಕ್ಕೋರೇ ಬಿದ್ದಾರ ಅಂದ ಮ್ಯಾಲ ಸಣ್ಣ ಹುಡುಗೇರ ಗತಿ ಏನು? ನಾ ಒಬ್ಬಾಕಿ ಅಲ್ರಿ. ನಮ್ಮ ಗಲ್ಲಿಯಾಗ ಯಾರೂ ಕಳಸಾಕತ್ತಿಲ್ಲ."

ಹುಡುಗಿಯರನ್ನು ಶಾಲೆಗೆ ಕಳಿಸಿರಿ ಎಂದು ಮನೆಮನೆ ತಿರುಗಿದವಳು ನಾನು. ಒಂದೊಂದು ಹುಡುಗಿಯನ್ನೂ ತಾಯಿಯ ಜೊತೆ ಜಗಳವಾಡಿ ತಂದಿದ್ದೆ. ಈಗ ನನ್ನ ಮುರಿದ ಕಾಲನ್ನೇ ತೋರಿಸಿ ಅವರನ್ನು ಮನೆಯಲ್ಲಿ ಕೂರಿಸಿದ್ದಾರೆ.

೧೪ ಸೆಪ್ಟೆಂಬರ್

ಅಕ್ಬರಿಯನ್ನು ಮಧ್ಯಾಹ್ನ ಪಾಠಕ್ಕೆ ನಮ್ಮ ಅಂಗಡಿಗೆ ಕಳಿಸಲು ಹೇಳಿದ್ದೆ. ಅಜ್ಜಿಯ ಕೈ ಹಿಡಿದು ಬಂದಳು. ಭಿನ್ನರಾಶಿ ಮರೆತಿಲ್ಲ. ಹಲಗೆ ಮುಂದೆ ನಿಂತುಕೊಳ್ಳಲು ಕೋಲು ಬೇಕಾಯಿತು, ತೆಗೆದುಕೊಂಡೆ.

೫ ಅಕ್ಟೋಬರ್

ಪುರಸಭೆಗೆ ಹೋಗಿ ಗಟಾರ ಮುಚ್ಚಿಸಲು ಹೇಳಿ ಬನ್ನಿರಿ ಎಂದು ಇವರಿಗೆ ತಿಂಗಳಿಂದ ಹೇಳುತ್ತಿದ್ದೆ. "ನನ್ನ ಮಾತು ಯಾರ್ ಕೇಳ್ತಾರ? ಊರಾಗಿನ ಅರ್ಧ ಮಂದಿ ಹೆಂಡ್ರಿಗಿ ಅಕ್ಷರ ಕಲ್ಸಿದಾಕಿ ನೀ. ನೀನೇ ಹೋಗು" ಎಂದರು. ನಾನು ಕುಂಟುವುದನ್ನು ಎಲ್ಲರೂ ನೋಡಲಿ ಎಂದೇ? ಎಂದು ಕೇಳಿದೆ. ಇವರು ಹೊರಗೆ ಹೋಗಿ ಅಲ್ಲಾಬಕ್ಷನನ್ನು ಕರೆದರು.

ಹೋದೆ. ಬೀದಿ ದಾಟುವುದರಲ್ಲಿ ಟಾಂಗಾ ಮೂರು ಕಡೆ ನಿಂತಿತು. ಅಲ್ಲಾಬಕ್ಷ ಇಳಿದು ಕುದುರೆಯ ಕಣ್ಣಿಗೆ ಕೈ ಅಡ್ಡ ಹಿಡಿದ. "ಲಾರಿ ಹಾರನ್ ಹೊಡದ್ರ ಇದು ಬೆದರ್ತದ್ರಿ ಬಾಯಾರ. ಮೊನ್ನೆ ಹೋಗಿ ಬಟ್ಟೀ ಅಂಗಡಿಯಾಗೇ ನುಗ್ಗಿತ್ತು" ಎಂದ.

ಮುಖ್ಯಾಧಿಕಾರಿ ಎದ್ದು ಕುರ್ಚಿ ಕೊಟ್ಟರು. ಆದರೆ ನಕ್ಕರು. "ಗಟಾರ ಮುಚ್ಚಿದ್ರ ಲಾರಿ ಗಾಲಿ ಎರಡ ದಿನದಾಗ ಒಡೀತದ್ರಿ ಅಕ್ಕೋರೇ. ಮೊದಲು ಲಾರಿ ನಿಲ್ಲಬೇಕು. ಲಾರಿ ಏನ್ ತಲೀ ಮ್ಯಾಲ ಹೋಗಬೇಕೇನು?" ಊರು ಸುತ್ತಿ ಹೋಗುವ ಹೊರರಸ್ತೆ ಇತ್ತಲ್ಲ ಎಂದೆ. ಅದು ಹಳ್ಳ ದಾಟುವ ಕಡೆ ಇದ್ದ ಮೋರಿ ಎರಡು ಮಳೆಗಾಲದ ಹಿಂದೆಯೇ ಕುಸಿದಿದೆ, ಅದು ಲೋಕೋಪಯೋಗಿ ಇಲಾಖೆಯದು, ಆಫೀಸು ಹುಮನಾಬಾದಿನಲ್ಲಿದೆ ಎಂದರು. "ಹೋಗಿ ಕೇಳ್ರಿ ಬೇಕಾದ್ರ."

ಹೋಗಲಾರಳು ಎಂದು ತಿಳಿದೇ ಹೇಳಿದ ಮಾತು.

೨೧ ನವೆಂಬರ್

ಹೋಗಿ ಬಂದೆ! ಇದನ್ನು ದೊಡ್ಡ ಅಕ್ಷರದಲ್ಲಿ ಬರೆಯಬೇಕು.

ಇವರು ಅಂಗಡಿ ಬಿಟ್ಟು ಬರುವಂತಿರಲಿಲ್ಲ. ಸರ್ದಾರಬಿ ಬಂದಳು. "ಹುಮನಾಬಾದದಾಗ ಬಳಿ ಸಗಟು ತರೋದದ, ನಡೀರಿ" ಎಂದಳು. ಬಸ್ಸಿನ ಮೆಟ್ಟಿಲು ಹತ್ತುವಾಗ ಹಿಂದಿನಿಂದ ಅವಳು ಎತ್ತಿದ ರಭಸಕ್ಕೆ ನಾನು ಕಂಡಕ್ಟರನ ಮೇಲೆಯೇ ಬೀಳುತ್ತಿದ್ದೆ. ದಾರಿಯುದ್ದಕ್ಕೂ ಇಬ್ಬರೂ ನಕ್ಕೆವು.

ಇಂಜಿನಿಯರು ಚಿಕ್ಕ ವಯಸ್ಸಿನವರು, ಮೈಸೂರು ಕಡೆಯ ಮಾತು. ಸಿಡುಕದೆ ಪೂರ್ತಿ ಕೇಳಿದರು. ಮೋರಿಗೆ ಬೇಕಾದ ಸಿಮೆಂಟು ಪೈಪು ಆಫೀಸಿನ ಅಂಗಳದಲ್ಲೇ ಬಿದ್ದಿವೆ, ಆದರೆ ಸಾಗಿಸಲು ಗಾಡಿ ಇಲ್ಲ, ಕಲ್ಲು ಹೊರಲು ಆಳಿಲ್ಲ, ಈ ವರ್ಷ ಸಾಧ್ಯವಿಲ್ಲ ಎಂದರು. ಇಲ್ಲ ಎಂದರೂ ಸರಿಯಾಗಿ ಕಾರಣ ಹೇಳಿದವರು ಅವರೊಬ್ಬರೇ.

ಬಸ್ ಸ್ಟ್ಯಾಂಡಿಗೆ ಬರಲು ಹೆದ್ದಾರಿ ದಾಟಬೇಕಿತ್ತು. ಹೈದರಾಬಾದಿನ ಲಾರಿ, ಸೋಲಾಪುರದ ಲಾರಿ, ಒಂದರ ಬಾಲಕ್ಕೆ ಒಂದು. ಎರಡು ಸಲ ಕಾಲಿಟ್ಟು ಹಿಂದೆ ಬಂದೆವು. ಮೂರನೆಯ ಸಲ ನಡುರಸ್ತೆಯಲ್ಲೇ ನಿಂತುಬಿಟ್ಟೆ. ಮುಂದೆಯೂ ಹೋಗಲಾರೆ, ಹಿಂದೆಯೂ ಬರಲಾರೆ. ಸರ್ದಾರಬಿ "ಯಾ ಅಲ್ಲಾ" ಎನ್ನುತ್ತ ನನ್ನ ಸೆರಗು ಹಿಡಿದಳು.

ಆಗ ಒಂದು ಲಾರಿ ನಮ್ಮ ಮುಂದೆ ಅಡ್ಡವಾಗಿ ನಿಂತಿತು. ಚಾಲಕ ಜಿಗಿದು ಇಳಿದು, ಎರಡೂ ಕೈ ಎತ್ತಿ ಎದುರಿನ ಗಾಡಿಗಳನ್ನೂ ನಿಲ್ಲಿಸಿದ. "ಸಾವಕಾಶ ಬರ್ರಿ ಬಾಯಾರ, ಸಾವಕಾಶ." ಇಡೀ ಹೆದ್ದಾರಿ ನಮ್ಮಿಬ್ಬರಿಗಾಗಿ ನಿಂತಿತ್ತು.

ಅವನ ಹೆಸರು ತುಳಜಾರಾಮ, ಉಮರ್ಗಾದವನು. ನೋಡಿದರೆ ನಮ್ಮ ಬಕ್ಕಪ್ಪ ಸಾವುಕಾರರ ಕಾಳನ್ನೇ ಹೊರುವವನು! ಚಹಾ ಅಂಗಡಿಯ ಬೆಂಚಿನ ಮೇಲೆ ನಮ್ಮನ್ನು ಕೂರಿಸಿದ. ಲಾರಿಯವರೆಂದರೆ ರಾಕ್ಷಸರೆಂದು ಶಪಿಸುತ್ತ ಐದು ತಿಂಗಳು ಕಳೆದವಳು ನಾನು. ಅವನು ಹೇಳಿದ, "ನಿಮ್ಮ ಬೀದಿಗಿ ಬರಬೇಕಂದ್ರ ನಮಗೇ ಅಂಜಿಕಿ ಬರ್ತದ್ರಿ. ಹಿಂದ ಸರಿಸುವಾಗ ಯಾವ ಕೂಸು ಗಾಲಿ ಹತ್ರ ಅದನೋ ಅಂತ ಜೀವ ಕೈಯಾಗ ಇರ್ತದ. ಸಾವುಕಾರ್ರ ಗೋದಾಮಿಗಿ ಹಿಂದಿನ ಬಾಗಲ ಅದ, ಅದು ಹೊರರಸ್ತಾಕೇ ತೆರೀತದ. ಮೋರಿ ಒಂದು ಇದ್ರ ನಾವು ಬೀದಿಗಿ ಯಾಕ ಬರ್ತೀವಿ?"

ಪೈಪಿನ ವಿಷಯ ಹೇಳಿದೆ. ಅವನು ಚಹಾ ಲೋಟ ಕೆಳಗಿಟ್ಟ. "ಪೈಪ್ ನಾ ತರ್ತೀನ್ರಿ. ಖಾಲಿ ಬರೂ ಲಾರಿ ಅದ."

ಮತ್ತೆ ಹೆದ್ದಾರಿ ದಾಟಿ ಇಂಜಿನಿಯರ ಆಫೀಸಿಗೆ ಹೋದೆವು. ಈ ಸಲ ತುಳಜಾರಾಮನೂ ಜೊತೆಗಿದ್ದ.

೧೨ ಡಿಸೆಂಬರ್

ಇಂಜಿನಿಯರು ಬಂದು ಹಳ್ಳ ನೋಡಿದರು. ಪೈಪು ಬಂದವು. ಒಂದೊಂದೂ ನಮ್ಮ ಅಕ್ಬರಿ ಒಳಗೆ ನಿಲ್ಲುವಷ್ಟು ದೊಡ್ಡದು. ತುಳಜಾರಾಮನ ಜೊತೆ ಇನ್ನೂ ನಾಲ್ಕು ಚಾಲಕರು ಬಂದು ಹಗ್ಗ ಕಟ್ಟಿ ಇಳಿಸಿದರು. ನಾನು ಹಳ್ಳದ ದಂಡೆಯ ಮೇಲೆ ನಿಂತು ಆ ಕಡೆ, ಈ ಕಡೆ ಎಂದು ಕೂಗಿ ಗಂಟಲು ಕಟ್ಟಿಸಿಕೊಂಡೆ. ಯಾರೂ ಕೇಳಲಿಲ್ಲ, ಆದರೂ ಕೂಗಿದೆ.

೨೮ ಡಿಸೆಂಬರ್

ಎಲ್ಲ ಮುಗಿಯಿತು.

ಬಕ್ಕಪ್ಪ ಸಾವುಕಾರರು ಹಿಂದಿನ ಬಾಗಿಲು ತೆರೆಯುವುದಿಲ್ಲವಂತೆ. ನಾನೇ ಹೋಗಿ ಕೇಳಿದ್ದೆ. "ಹಿಂದಿನ ಬಾಗಲಿಂದ ವ್ಯಾಪಾರ ಮಾಡಾಕ ನಾ ಏನ್ ಕಳ್ಳ ಏನ್ರಿ? ನಮ್ಮಪ್ಪನ ಕಾಲದಿಂದ ಗಾಡಿ ಮುಂದೇ ನಿಂತಾವ. ಅಂಗಡಿ ಕಳೀ ಅಂದ್ರ ಅದೇ" ಎಂದರು. ಅವರು ಹೂಂ ಎನ್ನದಿದ್ದರೆ ಉಳಿದ ಅಡತಿಯವರೂ ಎನ್ನುವುದಿಲ್ಲ. ಲಾರಿಗಳೇ ಬರದ ರಸ್ತೆಗೆ ಮೋರಿ ಯಾಕೆ ಎಂದು ಇಂಜಿನಿಯರೂ ಕೇಳುತ್ತಾರೆ.

ಹೊರಡುವಾಗ ಹಿಂದಿನಿಂದ ಹೇಳಿದರು, "ಕಾಲ ಮುರಕೊಂಡೀರಿ, ಸಿಟ್ಟದ, ತಿಳೀತದ ನನಗ. ಮನಿಯಾಗ ಆರಾಮ ಇರ್ರಿ ಅಕ್ಕೋರೇ."

ಅಂಗಡಿಯ ಮೆಟ್ಟಿಲು ಇಳಿಯುವಾಗ ಎಲ್ಲರ ಕಣ್ಣೂ ನನ್ನ ಕಾಲ ಮೇಲಿತ್ತು.

೩ ಜನವರಿ ೧೯೮೨

ಸರ್ದಾರಬಿಗೆ ಎಲ್ಲ ಹೇಳಿದೆ. ಅತ್ತುಬಿಟ್ಟೆ. ಅವಳು ಸಮಾಧಾನ ಹೇಳಲಿಲ್ಲ. ಬಳೆ ಬುಟ್ಟಿ ಕಟ್ಟುತ್ತ, "ಸಾವುಕಾರ್ರ ಮನಿ ಒಳಗಿನ ಖೋಲಿ ನೀವು ನೋಡೀರೇನು?" ಎಂದು ಕೇಳಿದಳು. ಇಲ್ಲ ಎಂದೆ. "ನಾ ನೋಡೀನಿ. ಅಲ್ಲಿ ಮಾಣಿಕಮ್ಮ ಆಯಿ ಕುಂತಾಳ. ಸಾವುಕಾರ್ರ ತಾಯಿ."

ಈ ಹತ್ತನೆಯ ತಾರೀಖು ಭಾನುವಾರ ಶಾಲೆಯ ಪಡಸಾಲೆಯಲ್ಲಿ ಬೀದಿಯವರನ್ನೆಲ್ಲ ಸೇರಿಸಬೇಕೆಂದು ಇಬ್ಬರೂ ಗೊತ್ತುಮಾಡಿದೆವು. ಕೊನೆಯ ಪ್ರಯತ್ನ.

೧೦ ಜನವರಿ

ಇದನ್ನು ಈಗಲೇ ಬರೆಯಬೇಕು.

ಪಡಸಾಲೆ ತುಂಬಿತ್ತು. ಪುರಸಭೆಯ ಮುಖ್ಯಾಧಿಕಾರಿ ಬಂದಿದ್ದರು, ಅಡತಿಯವರು ಒಂದು ಕಡೆ ಕೈ ಕಟ್ಟಿ ಕುಳಿತಿದ್ದರು. ನಾನು ಎದ್ದು ಮಾತಾಡಿದೆ. ಲಾರಿ ಹೊರಗಿನಿಂದ ಹೋಗಲಿ. ಗಟಾರದ ಮೇಲೆ ಫರಸಿ ಕಲ್ಲು ಹಾಸಿದರೆ ಎರಡೂ ಬದಿ ನಡೆಯುವವರಿಗೆ ದಾರಿಯಾಗುತ್ತದೆ. ನಡುವೆ ಸೈಕಲ್ಲು, ಟಾಂಗಾ, ಬಂಡಿ ನೆಮ್ಮದಿಯಿಂದ ಸಾಗಲಿ. ಸುಲಭದ ಮಾತು. ಬಕ್ಕಪ್ಪ ಸಾವುಕಾರರು ಎದ್ದು, "ಬೀದಿ ಇರೋದು ವ್ಯಾಪಾರಕ್ರಿ. ವ್ಯಾಪಾರ ಹೋದ್ರ ಯಾರ್ ನಡೀತಾರ ಇಲ್ಲಿ?" ಎಂದರು. ಅಡತಿಯವರೆಲ್ಲ ತಲೆ ಆಡಿಸಿದರು.

ಆಗ ಬಾಗಿಲಲ್ಲಿ ಗದ್ದಲವಾಯಿತು. ಸರ್ದಾರಬಿ ಒಬ್ಬ ಮುದುಕಿಯ ಕೈ ಹಿಡಿದು ನಿಂತಿದ್ದಳು. ಮಾಣಿಕಮ್ಮ ಆಯಿ! ಸೀರೆಯ ಅಂಚೆಲ್ಲ ಕೆಸರು. ಮಂದಿ ಎದ್ದು ದಾರಿ ಬಿಟ್ಟರು. ಸಾವುಕಾರರ ಮುಖ ಬಿಳಚಿಕೊಂಡಿತು.

"ಅವ್ವಾ, ನೀ ಯಾಕ ಬಂದಿ? ಕಣ್ಣು ಕಾಣಲ್ಲ, ಎಲ್ಲ್ಯಾರ ಬಿದ್ದಿದ್ರ?"

"ಬಿದ್ದೀನಿ. ಒಮ್ಮೆ ಅಲ್ಲ, ಎರಡ ಸಲ. ಸರ್ದಾರಬಿ ಎಬ್ಬಿಸ್ಯಾಳ." ಆಯಿ ಮಾತು ಬಂದ ಕಡೆಗೆ ಮುಖ ತಿರುಗಿಸಿದಳು. "ನಿನಗ ತಿಳೀಲಿ ಅಂತ ನಡದೇ ಬಂದೀನಿ, ಬಕ್ಕಾ. ಎರಡ ವರ್ಷ ಆತು ನಾ ಹೊಸ್ತಿಲ ದಾಟಿ. ಕಣ್ಣು ಇಲ್ಲಂತ ಅಲ್ಲ. ಕಾಲಿಡಾಕ ದಾರಿ ಇಲ್ಲಂತ. ನಿನ್ನ ಚೀಲಗೋಳಿಗಿ ಬೀದಿ ಮ್ಯಾಲ ಜಾಗ ಅದ. ನಿನ್ನ ಹಡದಾಕಿಗಿ ಇಲ್ಲ."



"ಗಿರಿಜಾ ಎಲ್ಲಿ?" ಎಂದಳು ಆಯಿ. ನಾನು ಹತ್ತಿರ ಹೋದೆ. ನನ್ನ ಮುಖವನ್ನೆಲ್ಲ ಬೆರಳಿನಿಂದ ಸವರಿದಳು. "ನಿಂದು ಕಾಲು, ನಂದು ಕಣ್ಣು. ನಾಳಿ ಇವರದೂ ಏನರ ಹೋಗ್ತದ. ಆವಾಗ ಎಲ್ಲಿ ನಡೀತಾರಂತ?"

ಸಾವುಕಾರರು ಎದ್ದು ಬಂದು ತಾಯಿಯ ಕಾಲ ಬಳಿ ಕುಳಿತು, ತಮ್ಮ ಧೋತರದ ಚುಂಗಿನಿಂದ ಅವಳ ಪಾದದ ಕೆಸರು ಒರೆಸಿದರು. ಆಮೇಲೆ ಅವಳನ್ನು ಕರೆದುಕೊಂಡು ಹೋದರು. ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

೧೨ ಜನವರಿ

ಬೆಳಿಗ್ಗೆ ಹಳ್ಳದ ಕಡೆಯಿಂದ ಕಲ್ಲು ಸುರಿಯುವ ಸದ್ದು. ಹೋಗಿ ನೋಡಿದರೆ ಬಕ್ಕಪ್ಪ ಸಾವುಕಾರರ ಬಂಡಿಗಳು! ಕೊಹಿನೂರಿನ ಅವರ ಹೊಲದಿಂದ ಕಲ್ಲು ಹೇರಿಕೊಂಡು ಬಂದಿವೆ. ಗೋದಾಮಿನ ಹಿಂದಿನ ಬಾಗಿಲಿಗೆ ಬಡಿಗ ಹೊಸ ಕದ ಹೊಂದಿಸುತ್ತಿದ್ದ. ಮುಂದಿನ ಬಾಗಿಲಿಗಿಂತ ದೊಡ್ಡದು ಮಾಡಿಸಿದ್ದಾರೆ. ಕಳೆ ಎಂದರೆ ಕಳೆ.

೧೭ ಫೆಬ್ರವರಿ

ಮೋರಿ ಮುಗಿಯಿತು. ತುಳಜಾರಾಮನ ಲಾರಿಯೇ ಮೊದಲು ದಾಟಿತು, ತುಂಬಿದ ಜೋಳದ ಚೀಲಗಳೊಂದಿಗೆ. ಅವನು ಹಾರನ್ ಹೊಡೆದ ಹೊಡೆತಕ್ಕೆ ಊರೆಲ್ಲ ಅಲ್ಲಿಗೇ ಬಂತು. ಇಂಜಿನಿಯರಿಗೆ ಹಾರ ಹಾಕಿದೆವು. ಅವರು ಅದನ್ನು ತೆಗೆದು ಲಾರಿಯ ಮೂತಿಗೆ ಹಾಕಿದರು.

೨೦ ಮಾರ್ಚ್

ಗಟಾರದ ಮೇಲೆ ಹಾಸಲು ಮನೆಮನೆಯಿಂದ ಕಲ್ಲು ಹೊರಗೆ ಬರುತ್ತಿವೆ. ಹಳೆಯ ಅಂಗಳದ ಫರಸಿ, ಬಿದ್ದ ವಾಡೆಯ ಫರಸಿ, ಶಹಾಬಾದಿನಿಂದ ತುಳಜಾರಾಮ ತಂದು ಹಾಕಿದ ಹೊಸ ಫರಸಿ. ಪುರಸಭೆ ಕಲ್ಲು ಕೂರಿಸಲು ಗೌಂಡಿಗಳನ್ನು ಕೊಟ್ಟಿದೆ. ಒಂದರ ಬಣ್ಣ ಇನ್ನೊಂದಕ್ಕಿಲ್ಲ, ಆದರೆ ಎತ್ತರ ಮಾತ್ರ ಒಂದೇ ಇರಬೇಕೆಂದು ಹಟ ಹಿಡಿದಿದ್ದೇನೆ. ಎಡವುವ ಕಲ್ಲು ಒಂದು ಉಳಿದರೂ ಇಷ್ಟೆಲ್ಲ ಮಾಡಿದ್ದು ದಂಡ. ಮೆಟ್ಟಿಲು ಬೇಡ, ಎರಡೂ ತುದಿಗೆ ಇಳಿಜಾರು ಮಾಡಿರಿ ಎಂದಿದ್ದೇನೆ. ಮುದುಕರ ಕಾಲಿಗೂ ಆಯಿತು, ತಳ್ಳುಗಾಡಿಯ ಗಾಲಿಗೂ ಆಯಿತು.

ಇವತ್ತು ಬಟ್ಟೆ ಅಂಗಡಿಯವರ ಜೊತೆ ಜಗಳವಾಯಿತು. ನಡೆಯುವ ದಾರಿಯ ಮೇಲೆ ಸೀರೆ ಉಡಿಸಿದ ಬೊಂಬೆ ನಿಲ್ಲಿಸಿದ್ದಾರೆ. ತೆಗೆಯಿರಿ ಎಂದರೆ ಅವರು ಹಲ್ಲು ಕಿರಿದು, "ನಿಮ್ಮ ಮಹಾರುದ್ರಪ್ಪನ ಸೈಕಲ್ ಎಲ್ಲಿ ನಿಂತಾವ ನೋಡಿ ಬರ್ರಿ ಮೊದಲು" ಎಂದರು. ಬಂದು ನೋಡಿದೆ. ನಮ್ಮ ಅಂಗಡಿ ಮುಂದೆ ಫರಸಿಯ ಮೇಲೆ ಬಾಡಿಗೆ ಸೈಕಲ್ಲುಗಳ ಸಾಲು!

ಇವರ ಮೇಲೆ ಎಗರಿದೆ. ಇವರು ಪೂರ್ತಿ ಕೇಳಿ, "ಹೌದ್ರಿ ಅಕ್ಕೋರೇ" ಎಂದರು. ಶಾಲೆಯ ಹುಡುಗಿಯರ ಹಾಗೆ ಹೆಂಡತಿಗೆ ಅಕ್ಕೋರೇ ಅನ್ನುವುದೇ! ಒಂದೊಂದೇ ಸೈಕಲ್ಲನ್ನು ಅಂಗಡಿ ಪಕ್ಕದ ಓಣಿಯ ಒಳಗೆ ಸಾಲಾಗಿ ನಿಲ್ಲಿಸಿ, ಬೀದಿಯವರ ಸೈಕಲ್ಲಿಗೂ ಅಲ್ಲೇ ಜಾಗ ಮಾಡಿದರು. ಸಂಜೆಯೊಳಗೆ ಬಟ್ಟೆ ಅಂಗಡಿಯ ಬೊಂಬೆ ಒಳಗೆ ಹೋಗಿತ್ತು.

೪ ಮೇ

ಬೇವಿನ ಸಸಿ ನೆಟ್ಟೆವು. ಒಂದೊಂದು ಮನೆಗೆ ಒಂದೊಂದು ಗಿಡ, ನೀರು ಅವರೇ ಹಾಕಬೇಕು. ಮೇಕೆಗಳಿಗೆ ಮುಳ್ಳಿನ ಬೇಲಿ. ಶಾಲೆಯ ಮುಂದೆ ರಸ್ತೆಗೆ ಎರಡು ಉಬ್ಬು ಹಾಕಿಸಿದ್ದೇವೆ. ಜೋರಾಗಿ ಬಂದ ಮೊದಲ ಸೈಕಲ್ಲಿನವನು ಹಾರಿ ಕುಳಿತ, ಎಲ್ಲರೂ ಚಪ್ಪಾಳೆ ಹೊಡೆದರು.

ಇವತ್ತು ಸೋಲಾಪುರಕ್ಕೆ ಕಾಲು ತೋರಿಸಲು ಹೋಗಬೇಕಿತ್ತಂತೆ. ಇವರು ನೆನಪಿಸಿದರು. ಇವತ್ತು ಹೇಗೆ ಹೋಗುವುದು, ಕೊನೆಯ ತಿರುವಿನ ಕಲ್ಲು ಕೂರಿಸುವ ದಿನ! ಎಂದೆ. ಇವರು ನಗತೊಡಗಿದರು. ಕೇಳಿದರೆ, "ನಿನ್ನ ಕಾಲೇ ನಿನಗ ಮರತದ" ಎಂದರು.

೧ ಜೂನ್

ಶಾಲೆ ಶುರುವಾಯಿತು. ಘಂಟೆಗೆ ಮೊದಲೇ ಹೋಗಿ ಗೇಟಿನಲ್ಲಿ ನಿಲ್ಲಬೇಕೆಂದು ಬೇಗ ಹೊರಟೆ. ಎಷ್ಟು ಬೇಗ ಎಂದರೆ ಬೀದಿಯಲ್ಲಿ ನಾನೊಬ್ಬಳೇ. ಗೇಟಿನಲ್ಲಿ ನಿಂತಾಗ ಹೆದರಿಕೆಯಾಯಿತು. ಯಾರೂ ಬರದಿದ್ದರೆ?

ಮೊದಲು ಕಾಣಿಸಿದ್ದು ಅಕ್ಬರಿ. ಅಜ್ಜಿ ಇಲ್ಲ, ಯಾರ ಕೈಯೂ ಹಿಡಿದಿಲ್ಲ. ಫರಸಿಯ ಮೇಲೆ ಜಡೆ ಕುಣಿಸುತ್ತ ಬಂದಳು. ಅವಳ ಹಿಂದೆ ಅವಳ ಗಲ್ಲಿಯ ಹುಡುಗಿಯರು, ಅವರ ಹಿಂದೆ ಕಿಲ್ಲೆಯ ಕಡೆಯವರು. ಒಬ್ಬ ತಾಯಿ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ದೊಡ್ಡ ಮಗಳನ್ನು ಹೊಸದಾಗಿ ಸೇರಿಸಲು ಬಂದಳು. ಬಿಟ್ಟು ಹೋದವರೂ ಬಂದರು, ಹಿಂದೆ ಎಂದೂ ಬರದವರೂ ಬಂದರು. ಏಳನೆಯ ತರಗತಿಯಲ್ಲಿ ಬೆಂಚು ಸಾಲದೆ ನೆಲದ ಮೇಲೆ ಕೂರಿಸಿದೆವು.

ಅಲ್ಲಾಬಕ್ಷ ಟಾಂಗಾ ನಿಲ್ಲಿಸಿ, "ಏನ್ರಿ ಬಾಯಾರ, ಎಲ್ಲಾರೂ ನಡದೇ ಹೊಂಟ್ರ ನನ್ನ ಟಾಂಗಾಕ ಯಾರ್ ಬರ್ತಾರ?" ಎಂದು ಕೂಗಿದ. ಅವನ ಟಾಂಗಾದಲ್ಲಿ ಆಗಲೇ ಆರು ಮಂದಿ ಕುಳಿತಿದ್ದರು. ಕುದುರೆ ಆರಾಮಾಗಿ ಬಾಲ ಬೀಸುತ್ತಿತ್ತು.

ತರಗತಿಯಲ್ಲಿ ಹಾಜರಿ ಕೂಗಿದೆ. ಹಾಜರ್ರಿ, ಹಾಜರ್ರಿ, ಹಾಜರ್ರಿ. ಹುಡುಗಿಯರಿಗೆ ನನ್ನ ಮುಖ ಕಾಣಬಾರದೆಂದು ಹಲಗೆಯ ಕಡೆ ತಿರುಗಿ ತಾರೀಖು ಬರೆದೆ.

೧೧ ಜೂನ್

ಮಧ್ಯಾಹ್ನ ಮೃಗಶಿರಾ ಮಳೆ ಹೊಡೆಯಿತು. ಬೀದಿಯವರೆಲ್ಲ ಬಾಗಿಲಿಗೆ ಬಂದು ನೋಡುತ್ತ ನಿಂತಿದ್ದೆವು, ಪರೀಕ್ಷೆಯ ಫಲಿತಾಂಶಕ್ಕೆ ನಿಂತಂತೆ. ನೀರು ಫರಸಿಯ ಸಂದಿನಿಂದ ಇಳಿದು ಕೆಳಗೆ ಗುಡುಗುಡು ಓಡಿತು. ಮೇಲೆ ನಿಲ್ಲಲಿಲ್ಲ. ಒಂದು ಬೊಗಸೆಯಷ್ಟೂ ನಿಲ್ಲಲಿಲ್ಲ.

ಮಳೆ ನಿಂತ ಮೇಲೆ ಸಂಜೆ ಮಂದಿ ಹೊರಗೆ ಬಂದರು. ಬಜಾರಕ್ಕಲ್ಲ, ನೀರಿಗಲ್ಲ, ದವಾಖಾನೆಗಲ್ಲ. ಸುಮ್ಮನೆ. ಈ ಬೀದಿಯಲ್ಲಿ ಹೆಂಗಸರು ಸುಮ್ಮನೆ ನಡೆದದ್ದನ್ನು ನಾನು ನೋಡಿಯೇ ಇರಲಿಲ್ಲ. ತೊಳೆದ ಕಲ್ಲಿನ ಮೇಲೆ ಬರಿಗಾಲಲ್ಲಿ ಹೋಗುತ್ತಿದ್ದರು, ಬರುತ್ತಿದ್ದರು, ಎದುರು ಸಿಕ್ಕವರ ಜೊತೆ ನಿಂತು ಮಾತಾಡುತ್ತಿದ್ದರು. ಇವರೂ ಅಂಗಡಿ ಅರ್ಧ ಮುಚ್ಚಿ, ಎಣ್ಣೆ ಕೈಯಲ್ಲೇ ಬಂದು ನನ್ನ ಪಕ್ಕ ನಡೆದರು. ಮದುವೆಯಾಗಿ ಇಷ್ಟು ವರ್ಷಕ್ಕೆ ಬೀದಿಯಲ್ಲಿ ಜೋಡಿಯಾಗಿ ನಡೆದದ್ದು ಇದೇ ಮೊದಲು. ಇಬ್ಬರಿಗೂ ನಾಚಿಕೆ.

ತುದಿಯಲ್ಲಿ ಮಾಣಿಕಮ್ಮ ಆಯಿ ಸಿಕ್ಕಳು, ಒಂದು ಕಡೆ ಬಕ್ಕಪ್ಪ ಸಾವುಕಾರರು, ಇನ್ನೊಂದು ಕಡೆ ಸರ್ದಾರಬಿ. ಆಯಿ ಸರ್ದಾರಬಿಯ ಮುಂಗೈ ಹಿಡಿದು, ಪಾದದಿಂದ ಕಲ್ಲುಗಳನ್ನು ಗುರುತು ಹಿಡಿಯುತ್ತಿದ್ದಳು. "ಇದು ನುಣ್ಣಗದ, ನಮ್ಮ ಅಂಗಳದ ಫರಸಿ ಇದು" ಎಂದಳು. ನಿಜ, ಅವರ ಅಂಗಳದ್ದೇ.

"ಅವ್ವಾ, ಎರಡ ಸುತ್ತ ಆತು. ದಣೀತಿ. ಮನೀಗಿ ನಡಿ" ಎಂದರು ಸಾವುಕಾರರು.

"ನೀ ದಣದಿದ್ರ ನೀ ಹೋಗು" ಎಂದಳು ಆಯಿ. "ಗಿರಿಜಾ, ನೀ ಬರ್ತಿ ಏನು?"

ಬರುತ್ತೇನೆ ಎಂದೆ. ಆಯಿ, ಸರ್ದಾರಬಿ, ನಾನು, ಮೂವರೂ ಮತ್ತೆ ಬೀದಿಯ ಆ ತುದಿಗೆ ಹೊರಟೆವು.